ಎಲ್ಲ ಬಾಗಿಲಿಗೂ ಒಂದೇ ಕೀಲಿಕೈ: ಚಿಕಿತ್ಸಾಲಯದ ಕಡತ ಮತ್ತು ಎಐ ಸಹಾಯಕ

ಚಿಕಿತ್ಸಾಲಯದ ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರಿನ ಸ್ಥಾನವನ್ನು ಅನೇಕ ಕಡೆ ಗಣಕಯಂತ್ರವು ಪಡೆದುಕೊಂಡಿದೆ. ರೋಗಿಯ ಹೆಸರು, ಹುಟ್ಟಿದ ದಿನ, ಒಗ್ಗದ ಔಷಧ, ಮುಂದಿನ ಭೇಟಿಯ ಸಮಯ, ಎಲ್ಲವೂ ಅದರ ತಂತ್ರಾಂಶದಲ್ಲಿರುತ್ತವೆ. ಒಂದು ತಂತ್ರಾಂಶವು ಇನ್ನೊಂದರೊಡನೆ ವ್ಯವಹರಿಸಲು ಇರುವ ಕಿಂಡಿಯನ್ನು ಎಪಿಐ ಎನ್ನುತ್ತಾರೆ. ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಮಾಡಿ ಮುಗಿಸುವ ಎಐ ಏಜೆಂಟ್ ಈಗ ಆ ಕಿಂಡಿಯ ಮುಂದೆ ಬಂದು ನಿಂತಿದೆ. ಅದರ ಕೈಗೆ ಯಾವ ಕೀಲಿಕೈ ಕೊಡಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಏಜೆಂಟಿಗೆ ಉಪಕರಣಗಳನ್ನು ಒದಗಿಸುವ ಒಂದು ಮುಕ್ತ ಮಾನದಂಡವನ್ನು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು. ಅದರ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್. ‘ನಾಳಿನ ಭೇಟಿಗಳನ್ನು ತೋರಿಸು’, ‘ಭೇಟಿಯ ಸಮಯ ಬದಲಿಸು’ ಎಂಬಂತೆ ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ ಮಾಡಿಕೊಡುವುದು ಒಂದು ಕ್ರಮ. ಆದರೆ ಚಿಕಿತ್ಸಾಲಯದ ತಂತ್ರಾಂಶಕ್ಕೆ ಹತ್ತಾರು ಒಳಬಾಗಿಲುಗಳು. ಎಲ್ಲಕ್ಕೂ ಪ್ರತ್ಯೇಕ ಉಪಕರಣ ಬರೆಯುವುದು ಶ್ರಮದ ಕೆಲಸ. ಆದ್ದರಿಂದ ವಿಳಾಸ, ಕ್ರಿಯಾಪದ, ಒಕ್ಕಣೆ ಈ ಮೂರನ್ನು ಕೊಟ್ಟರೆ ಯಾವ ಕೋರಿಕೆಯನ್ನಾದರೂ ಕಳುಹಿಸುವ ಒಂದು ಸಾರ್ವತ್ರಿಕ ಉಪಕರಣವನ್ನು ಸೇರಿಸುವುದುಂಟು. ಅನುಕೂಲ ನಿಜವೇ. ಆದರೆ ಆ ಮಾನದಂಡದಲ್ಲಿ ಉಪಕರಣಕ್ಕೆ ‘ಓದಲು ಮಾತ್ರ’, ‘ಹಾನಿ ಮಾಡಬಹುದಾದುದು’ ಎಂಬ ಸೂಚನೆಗಳನ್ನು ಅಂಟಿಸುವ ಅವಕಾಶವಿದೆ. ಎಲ್ಲವನ್ನೂ ಮಾಡಬಲ್ಲ ಉಪಕರಣಕ್ಕೆ ‘ಓದಲು ಮಾತ್ರ’ ಎಂಬ ಚೀಟಿಯನ್ನು ಪ್ರಾಮಾಣಿಕವಾಗಿ ಅಂಟಿಸಲಾಗದು.

ಕ್ರಿಯಾಪದಗಳ ವಿಚಾರವನ್ನು ಪ್ರೌಢಶಾಲೆಯ ಮಕ್ಕಳೂ ಅರಿಯಬಹುದು. ‘ಗೆಟ್’ ಎಂದರೆ ಓದು; ‘ಪೋಸ್ಟ್’ ಸಾಮಾನ್ಯವಾಗಿ ಹೊಸದನ್ನು ಸೇರಿಸುತ್ತದೆ; ‘ಪುಟ್’ ಇದ್ದುದನ್ನು ಇಡಿಯಾಗಿ ಬದಲಿಸುತ್ತದೆ; ‘ಡಿಲೀಟ್’ ಅಳಿಸುತ್ತದೆ. ಗೆಟ್ ಅನ್ನು ಹತ್ತು ಸಲ ಕಳುಹಿಸಿದರೂ ಕಡತ ಕೆಡದು. ಆದರೆ ಪೋಸ್ಟ್ ಕಳುಹಿಸಿ, ಉತ್ತರ ಬರುವಷ್ಟರಲ್ಲಿ ಜಾಲಸಂಪರ್ಕ ಕಡಿದು, ಏಜೆಂಟ್ ಮತ್ತೊಮ್ಮೆ ಕಳುಹಿಸಿತೆನ್ನಿ: ಒಬ್ಬನೇ ರೋಗಿಗೆ ಎರಡು ಭೇಟಿಗಳು ನಮೂದಾಗಬಹುದು. ಹೊಸ ದೂರವಾಣಿ ಸಂಖ್ಯೆಯೊಂದನ್ನೇ ಪುಟ್ ಮೂಲಕ ಕಳುಹಿಸಿದರೆ, ಕಳುಹಿಸದೆ ಬಿಟ್ಟ ವಿಳಾಸವು ಕಡತದಿಂದ ಬಿದ್ದುಹೋಗುವ ಸಂಭವವಿದೆ.

ನಿಜವಾದ ಒಂದು ನಿದರ್ಶನವನ್ನು ನೋಡೋಣ. 2004ರಲ್ಲಿ ಆರಂಭವಾದ ಓಪನ್‌ಎಂಆರ್‌ಎಸ್ ಎಂಬುದು ಯಾರೂ ಉಚಿತವಾಗಿ ಬಳಸಬಹುದಾದ ವೈದ್ಯಕೀಯ ಕಡತದ ತಂತ್ರಾಂಶ. ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂದ ‘ಬಾಹ್ಮ್ನಿ’ ಇದರ ಮೇಲೆಯೇ ಕಟ್ಟಿದ್ದು. ಓಪನ್‌ಎಂಆರ್‌ಎಸ್‌ನಲ್ಲಿ ಡಿಲೀಟ್ ಎಂದರೂ ಕಡತ ನಾಶವಾಗುವುದಿಲ್ಲ. ‘ರದ್ದಾಗಿದೆ’ ಎಂಬ ಗುರುತಷ್ಟೇ ಬೀಳುತ್ತದೆ, ಅದನ್ನು ಮರಳಿ ಪಡೆಯಬಹುದು. ವಿಳಾಸದ ಕೊನೆಗೆ ‘ಪರ್ಜ್’ ಎಂಬ ಒಂದು ಪದ ಸೇರಿದರೆ ಮಾತ್ರ ಶಾಶ್ವತ ಅಳಿವು. ಜಾಣತನದಿಂದ ಮಾಡಿದ ಈ ಏರ್ಪಾಟನ್ನು ಸಾರ್ವತ್ರಿಕ ಉಪಕರಣವು ಒಂದೇ ಪದದಿಂದ ದಾಟಬಲ್ಲುದು. ‘ಹಾಗಾದರೆ ಡಿಲೀಟ್ ಒಂದನ್ನೇ ತಡೆದರಾಯಿತು’ ಎನ್ನುವಂತೆಯೂ ಇಲ್ಲ. ಇಲ್ಲಿ ಹಳೆಯ ಕಡತವನ್ನು ತಿದ್ದುವುದೂ ಪೋಸ್ಟ್ ಮೂಲಕವೇ. ಕ್ರಿಯಾಪದವನ್ನು ನೋಡಿದ ಮಾತ್ರಕ್ಕೆ ಉದ್ದೇಶ ತಿಳಿಯದು.

ಗಡಿಯಾಚೆಯ ನಮಗೆ ಇನ್ನೊಂದು ತೊಡಕಿದೆ. ಹೊಸೂರು, ತಾಳವಾಡಿ, ನೀಲಗಿರಿಯ ಕಡೆ ಕನ್ನಡದ ಹೆಸರು ತಮಿಳು ಲಿಪಿಗಿಳಿಯುತ್ತದೆ. ಆ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ, ಫ, ಬ, ಭಗಳಿಗೂ ಹಾಗೆಯೇ. ‘ಭಾಗ್ಯ’ಳನ್ನು ಅರಿಯದವರು ‘ಪಾಕ್ಯ’ ಎಂದು ಓದಬಹುದು. ಇಂಗ್ಲಿಷಿಗೆ ಬಂದಾಗ ಒಬ್ಬಳೇ ಗೀತಾ ಮೂರು ಬಗೆಯ ಕಾಗುಣಿತ ಪಡೆಯುತ್ತಾಳೆ, ತಂದೆಯ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹೆಸರು ಹುಡುಕಿ ಇಬ್ಬರು ಗೀತೆಯರನ್ನು ಕಂಡ ಏಜೆಂಟ್ ಒಬ್ಬಳನ್ನು ಆರಿಸಿ ಬರೆದುಬಿಟ್ಟರೆ, ಒಬ್ಬಳ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬಳ ಕಡತ ಸೇರುತ್ತದೆ. ಒಂದೇ ಕೆಲಸದ ಉಪಕರಣವಾದರೆ, ನೋಂದಣಿ ಸಂಖ್ಯೆಯೂ ಹುಟ್ಟಿದ ದಿನವೂ ಹೊಂದದ ಹೊರತು ಮುಂದುವರಿಯದಂತೆ ಕಟ್ಟಬಹುದು. ಸಾರ್ವತ್ರಿಕ ಉಪಕರಣಕ್ಕೆ ಅಂತಹ ವಿವೇಕ ಹುಟ್ಟಿನಿಂದ ಬರುವುದಿಲ್ಲ.

ಹಾಗೆಂದು ಅದನ್ನು ಬಹಿಷ್ಕರಿಸಬೇಕೆಂದು ನನ್ನ ವಾದವಲ್ಲ. ಏಜೆಂಟಿಗೆ ವೈದ್ಯರ ಖಾತೆಯನ್ನು ಎರವಲು ಕೊಡದೆ, ಓದುವ ಅಧಿಕಾರವಷ್ಟೇ ಇರುವ ಪ್ರತ್ಯೇಕ ಖಾತೆ ಕೊಟ್ಟರೆ ಅರ್ಧ ಭಯ ಕಳೆಯಿತು. ಬರೆಯಲೇಬೇಕಾದಾಗ, ಯಾವ ಕಡತದಲ್ಲಿ ಏನು ಬದಲಾಗಲಿದೆ ಎಂಬುದನ್ನು ಸಿಬ್ಬಂದಿಯೊಬ್ಬರು ಓದಿ ಒಪ್ಪಬೇಕು. ‘ಸರಿಯೇ?’ ಎಂದಷ್ಟೇ ಕೇಳುವ ಗುಂಡಿಯನ್ನು ನಾನಂತೂ ನಂಬೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸಮ್ಮತಿ ಕೋರುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಪಡೆಯುವ ಆಯ್ಕೆಯನ್ನು ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ; ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದು ಅಲ್ಲಿ ಮುಖ್ಯವಲ್ಲ. ಸದ್ಯಕ್ಕೆ ಪಾಲಕರು ಮಾಡಬಹುದಾದುದು ಸುಲಭ: ಮಗುವಿನ ಹೆಸರಿನ ಇಂಗ್ಲಿಷ್ ಕಾಗುಣಿತವು ಶಾಲೆಯ ದಾಖಲೆಯಲ್ಲಿರುವಂತೆಯೇ ಚಿಕಿತ್ಸಾಲಯದ ಚೀಟಿಯಲ್ಲಿಯೂ ಇದೆಯೇ ಎಂದು ನೋಡಿ, ನೋಂದಣಿ ಸಂಖ್ಯೆಯನ್ನು ಪ್ರತಿ ಭೇಟಿಗೂ ಕೊಂಡೊಯ್ಯುವುದು.