ಉಣುಗಿನ ಕಡಿತ, ಕಿವಿ ಮತ್ತು ದವಡೆ: ಶಿವಮೊಗ್ಗೆ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಭದ್ರಾವತಿಯ ನ್ಯೂ ಟೌನಿನಲ್ಲಿ ವಾಸಿಸುವವರಿಗೆ ಕಾಡೆಂಬುದು ದೂರದ ವಸ್ತುವಲ್ಲ. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಇಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯು ಮೊದಲು ಉರಿದದ್ದು ಮಲೆನಾಡಿನ ಮರದ ಇದ್ದಲಿನಿಂದ. ಕಾರ್ಖಾನೆಯ ವಸತಿಗಳಲ್ಲಿ ನೆಲೆಸಿದ ಅನೇಕ ಮನೆತನಗಳಿಗೆ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳ ನಂಟು ಇನ್ನೂ ಉಳಿದಿದೆ. ಅಡಕೆಯ ಕೊಯ್ಲಿಗೆಂದೋ ದೇವರ ಕಾರ್ಯಕ್ಕೆಂದೋ ಹೋಗಿಬರುವುದುಂಟು. ಹಾಗೆ ಹೋಗಿಬಂದವರು ಪಟ್ಟಣದಲ್ಲಿ ಜ್ವರವೆಂದೋ ದವಡೆಯ ಕೆಳಗಿನ ನೋವೆಂದೋ ವೈದ್ಯರ ಬಳಿಗೆ ಹೋದಾಗ, ಕಾಡಿನ ಮಾತು ಬಾಯಿಗೆ ಬಾರದೆ ಹೋಗುವುದು ಸಾಧ್ಯ. ವೈದ್ಯಶಾಸ್ತ್ರದ ಅಧಿಕಾರವನ್ನು ಆಕ್ರಮಿಸುವ ಉದ್ದೇಶ ನಮಗಿಲ್ಲ. ಆದರೆ ರೋಗಿಯ ಪೂರ್ವವೃತ್ತಾಂತವನ್ನು ವೈದ್ಯರು ಕೇಳುವುದೂ ಒಂದು ಬಗೆಯ ಚರಿತ್ರೆಯೇ ಆದ್ದರಿಂದ, ಈ ವಿಷಯದಲ್ಲಿ ಚರಿತ್ರೆಯ ಅಭ್ಯಾಸಿಗಳು ನಾಲ್ಕು ಮಾತನ್ನಾಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಉಣುಗಿನಿಂದ ಹರಡುವ ರೋಗಗಳಲ್ಲಿ ಇಂದು ಲೋಕಪ್ರಸಿದ್ಧವಾದುದು ಲೈಮ್ ರೋಗ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನ ಸುತ್ತಮುತ್ತ ಮಕ್ಕಳಲ್ಲಿ ಕೀಲುಬಾವು ಅಸಾಧಾರಣವಾಗಿ ಹೆಚ್ಚಿರುವುದು 1975ರಲ್ಲಿ ಗಮನಕ್ಕೆ ಬಂದಿತು. ಅದನ್ನು ಮೊದಲು ಗುರುತಿಸಿ ಪಟ್ಟುಹಿಡಿದು ಹೇಳಿದವರು ಆ ಊರ ತಾಯಂದಿರು. ಅನಂತರ ಯೇಲ್ ವಿಶ್ವವಿದ್ಯಾನಿಲಯದ ಅಲೆನ್ ಸ್ಟೀರ್ ಮೊದಲಾದವರು ಶೋಧನೆ ನಡೆಸಿದರು. ಕಾರಣವಾದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ವಿಲ್ಲಿ ಬರ್ಗ್‌ಡಾರ್ಫರ್ ಎಂಬುವರು ಉಣುಗಿನಲ್ಲಿ ಕಂಡ ವಾರ್ತೆ 1982ರಲ್ಲಿ ಪ್ರಕಟವಾಯಿತು.

ಈ ರೋಗದಲ್ಲಿ ಕಿವಿ ಮತ್ತು ದವಡೆಗಳು ಬಾಧೆಗೊಳಗಾಗುವುದಕ್ಕೆ ಕಾರಣ ಒಂದೇ ಅಲ್ಲ. ಕಿವಿಯ ಮುಂದುಗಡೆಯಲ್ಲಿರುವ ದವಡೆಯ ಕೀಲು ಇತರ ಕೀಲುಗಳಂತೆಯೇ ಬಾತು ನೋಯಬಹುದು. ಆ ನೋವು ಕಿವಿಯೊಳಗಿನದೆಂದೇ ರೋಗಿಗೆ ತೋರುತ್ತದೆ, ಏಕೆಂದರೆ ದವಡೆಗೂ ಕಿವಿಯ ಒಂದು ಭಾಗಕ್ಕೂ ಸಂವೇದನೆಯನ್ನೊದಗಿಸುವ ನರ ಒಂದೇ. ಇನ್ನೊಂದು, ಮುಖದ ಸ್ನಾಯುಗಳನ್ನಾಡಿಸುವ ನರ. ಇದು ಕಿವಿಯ ಪಕ್ಕದ ಎಲುಬಿನೊಳಗೆ ಬಲು ಇಕ್ಕಟ್ಟಾದ ನಾಳದಲ್ಲಿ ಹಾದುಬರುತ್ತದೆ. ಲೈಮ್ ರೋಗದಲ್ಲಿ ಈ ನರ ಕೆಟ್ಟರೆ ಮುಖ ಒಂದು ಕಡೆಗೆ, ಕೆಲವೊಮ್ಮೆ ಎರಡೂ ಕಡೆ, ಸೋತುಬೀಳುತ್ತದೆ. ನಡುಗಿವಿಯ ಸಣ್ಣ ಸ್ನಾಯುವೊಂದು ಇದೇ ನರದ ಅಧೀನವಾದುದರಿಂದ, ಅದು ಸಡಿಲಿದಾಗ ಪಾತ್ರೆ ಬಿದ್ದ ಸಪ್ಪಳವೂ ಸಿಡಿಲಿನಂತೆ ಕೇಳಿಸುವುದು. ಯೂರೋಪಿನಲ್ಲಿ ಮುಖ್ಯವಾಗಿ ಮಕ್ಕಳ ಕಿವಿಯ ಹಾಲೆಯ ಮೇಲೆ ನೀಲಿಗೆಂಪಿನ ಊತ ಬರುವುದೂ ಈ ರೋಗದ ಒಂದು ಲಕ್ಷಣವಾಗಿದೆ.

ಇಷ್ಟನ್ನೋದಿದ ಮಲೆನಾಡಿಗನು ತನ್ನ ದವಡೆಯ ನೋವನ್ನು ಲೈಮ್ ರೋಗವೆಂದೇ ಬಗೆದರೆ ಅದು ಅವಸರದ ತೀರ್ಮಾನವಾದೀತು. ನಮ್ಮ ಜಿಲ್ಲೆಯ ಉಣುಗಿನ ಚರಿತ್ರೆ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತುಬೀಳುತ್ತಿರುವ ಸುದ್ದಿ ಹಬ್ಬಿತು. ನೆರೆಯ ಹಳ್ಳಿಗಳಲ್ಲಿ ಜನರಿಗೂ ಕಠಿಣ ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಶಂಕೆ ಉಂಟಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಬಂದು ಪರೀಕ್ಷಿಸಲಾಗಿ, ಇದು ಹಳದಿ ಜ್ವರವಲ್ಲ, ರಷ್ಯದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿಗೆ ಸಮೀಪವಾದ, ಅದುವರೆಗೆ ಅರಿಯದಿದ್ದ ವೈರಸ್ ಎಂದು ತಿಳಿಯಿತು. ಸೈಬೀರಿಯದ ಕಡೆಯಿಂದ ವಲಸೆ ಬರುವ ಹಕ್ಕಿಗಳು ಇದನ್ನು ತಂದಿರಬಹುದೆಂಬ ಊಹೆಯೂ ಹುಟ್ಟಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಗೊಳ್ಳಲು ಈ ಜ್ವರವೇ ಒಂದು ಪ್ರೇರಣೆ. ಆ ಊಹೆ ಸ್ಥಿರಪಡಲಿಲ್ಲವಾದರೂ, ಸೊರಬದ ಒಂದು ಕಾಡು ಭಾರತದ ಪಕ್ಷಿಶಾಸ್ತ್ರವನ್ನು ಬೆಳೆಸಿತೆಂಬುದು ಸ್ವಾರಸ್ಯದ ಸಂಗತಿ.

ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಮಂಗ ಸತ್ತಲ್ಲಿ ಮನುಷ್ಯನಿಗೆ ಜ್ವರವೆಂಬ ಅವಲೋಕನ ಈ ಹೆಸರಿನಲ್ಲಿ ಅಡಗಿರುವುದರಿಂದ ಚರಿತ್ರಕಾರನಿಗೆ ಇದು ಶಾಸನದಷ್ಟೇ ಬೆಲೆಯುಳ್ಳ ಸಾಕ್ಷ್ಯ. ಆದರೆ ಹೆಸರು ಅಪರಾಧವನ್ನು ಮಂಗದ ತಲೆಗೆ ಕಟ್ಟಿಬಿಟ್ಟಿದೆ. ವಸ್ತುತಃ ಮುಸುವವೂ ಕೆಂಪು ಮೋರೆಯ ಮಂಗವೂ ನಮ್ಮಂತೆಯೇ ರೋಗಕ್ಕೆ ಬಲಿಯಾಗುವ ಪ್ರಾಣಿಗಳು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ, ಆ ಜಾಗವೇ ರೋಗದ ಮಡುವಾಗುತ್ತದೆ. ಹೀಮಫಿಸಾಲಿಸ್ ಸ್ಪಿನಿಜೆರ ಎಂಬ ಉಣುಗು ಮುಖ್ಯ ವಾಹಕ. ಬೆಳೆದ ಉಣುಗು ದನಗಳನ್ನು ಆಶ್ರಯಿಸುತ್ತದೆ. ಮನುಷ್ಯನಿಗೆ ರೋಗವನ್ನಂಟಿಸುವುದು ಹೆಚ್ಚಾಗಿ ಅದರ ಎಳೆಯ ಅವಸ್ಥೆ. ಇದು ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿದ್ದು ಡಿಸೆಂಬರಿನಿಂದ ಮೇ ತಿಂಗಳವರೆಗೆ ತರಗೆಲೆಗಳಲ್ಲಿ ತುಂಬಿರುತ್ತದೆ. ಸೌದೆಗೂ, ಕೊಟ್ಟಿಗೆಯ ಹಾಸಿಗೆ ಬೇಕಾದ ಒಣಗಿದ ಎಲೆಗೂ ಜನ ಕಾಡು ಹೊಗುವುದು ಇದೇ ಕಾಲದಲ್ಲಿ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಉಣುಗು ಕಡಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ಹಣೆಯಲ್ಲಿ ತೀವ್ರವಾದ ತಲೆನೋವು, ಕತ್ತು-ಬೆನ್ನು-ಕೈಕಾಲುಗಳ ಸೆಳೆತ ಥಟ್ಟನೆ ಆರಂಭವಾಗುತ್ತವೆ. ಕತ್ತಿನ ಗ್ರಂಥಿಗಳು ಊದಿಕೊಳ್ಳಬಹುದು; ಅಂಗುಳಿನ ಹಿಂಭಾಗದಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ; ಮೂಗಿನಿಂದಲೂ ವಸಡಿನಿಂದಲೂ ರಕ್ತ ಒಸರಬಹುದು. ನುಂಗಲು ಕಷ್ಟ, ಬಾಯಿ ನೋವು ಎಂದು ರೋಗಿ ಹೇಳಿದರೆ ಅದು ಹಲ್ಲಿನ ದೋಷವೆಂದು ತೋರುವುದು ಸಹಜ. ಆದರೆ ಇಲ್ಲಿ ನೋಯುವುದು ದವಡೆಯ ಕೀಲಲ್ಲ. ಲೈಮ್ ರೋಗದಂತೆ ತಿಂಗಳುಗಟ್ಟಲೆ ಕೀಲು ಬಾಯುವುದು ಇದರ ಸ್ವಭಾವವಲ್ಲ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರಳಿ, ಕತ್ತು ಬಿಗಿದು, ಕೈ ನಡುಗಿ, ತಲೆ ತಿರುಗುವ ಎರಡನೆಯ ಘಟ್ಟ ಬರುತ್ತದೆ. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವರೆಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಅನುಭವಿಸಿದ ದುಃಖವನ್ನು ಜಿಲ್ಲೆ ಇನ್ನೂ ಮರೆತಿಲ್ಲ.

ಕಿವಿಯ ಮಟ್ಟಿಗೆ ನಿಜವಾಗಿ ಎಚ್ಚರ ವಹಿಸಬೇಕಾದುದು ಬೇರೊಂದು ರೋಗದಲ್ಲಿ. ಕುರುಚಲು ಗಿಡಗಳ ನಡುವಿನ ನುಸಿಯ ಮರಿ ಕಡಿದು ಬರುವ ಸ್ಕ್ರಬ್ ಟೈಫಸ್ ಕರ್ನಾಟಕದಲ್ಲಿಯೂ ಇದೆ. ಇದರಲ್ಲಿ ಕಿವಿ ಮೊರೆಯುವುದು, ಕಿವಿ ಮಂದವಾಗುವುದು ಹಿಂದಿನಿಂದಲೂ ದಾಖಲೆಯಾಗಿರುವ ಲಕ್ಷಣಗಳು. ಕಡಿದಲ್ಲಿ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ ಅವಿತಿರುವುದರಿಂದ ಹುಡುಕಿದ ಹೊರತು ಕಾಣದು. ಉಣುಗು ತಾನೇ ಕಿವಿಯ ತೂತಿನೊಳಗೆ ಹೊಕ್ಕು ಕಚ್ಚಿ ಹಿಡಿಯುವುದೂ ಉಂಟು. ಸಿಂಹಳದ ವೈದ್ಯರು ಇಂತಹ ರೋಗಿಗಳನ್ನು ಅನೇಕವಾಗಿ ವರದಿ ಮಾಡಿದ್ದಾರೆ.

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಲೈಮ್ ರೋಗವೂ ಸ್ಕ್ರಬ್ ಟೈಫಸ್ಸೂ ಡಾಕ್ಸಿಸೈಕ್ಲಿನ್‌ನಂತಹ ಔಷಧಕ್ಕೆ ಮಣಿಯುತ್ತವೆ. ಮಂಗನ ಕಾಯಿಲೆಗೆ ಅಂತಹ ನಿಶ್ಚಿತ ಔಷಧವಿಲ್ಲ. ನೀರಿನಂಶವನ್ನೂ ರಕ್ತಸ್ರಾವವನ್ನೂ ನೋಡಿಕೊಳ್ಳುವ ಶುಶ್ರೂಷೆಯೇ ಆಧಾರ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯನ್ನು ರಕ್ಷಣೆ ಸಾಲದೆಂಬ ಕಾರಣದಿಂದ 2022ರಲ್ಲಿ ನಿಲ್ಲಿಸಲಾಯಿತು. ಎಲ್ಲ ಜ್ವರವನ್ನೂ ಮಂಗನ ಕಾಯಿಲೆಯೆಂದು ಕೈಚೆಲ್ಲಿದರೆ ಗುಣವಾಗಬಹುದಾದ ರೋಗಿ ಕೈತಪ್ಪಬಹುದು. ಎಲ್ಲವನ್ನೂ ಹಲ್ಲುನೋವೆಂದು ಕಳುಹಿಸಿದರೆ ರಕ್ತಪರೀಕ್ಷೆಯ ದಿನಗಳು ಕಳೆದುಹೋಗಬಹುದು.

ಆದುದರಿಂದ ಚಳಿಗಾಲ ಮತ್ತು ಬೇಸಗೆಗಳಲ್ಲಿ ಜ್ವರದೊಡನೆ ಕಿವಿ, ದವಡೆ, ಕತ್ತುಗಳ ನೋವುಂಟಾದರೆ, ಹಿಂದಿನ ಎರಡು ವಾರಗಳಲ್ಲಿ ಯಾವ ಊರಿಗೆ ಹೋಗಿದ್ದೆವು, ಕಾಡನ್ನು ಹೊಕ್ಕಿದ್ದೆವೇ, ಅಲ್ಲಿ ಸತ್ತ ಮಂಗವನ್ನು ಕಂಡವರುಂಟೇ ಎಂಬುದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳತಕ್ಕದ್ದು. ಮೈಗೆ ಕಚ್ಚಿದ ಉಣುಗನ್ನು ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಚ್ಚುವುದೂ ಬೆಂಕಿ ತಾಗಿಸುವುದೂ ಸಲ್ಲದು. ಕಿವಿಯೊಳಗೆ ಹೊಕ್ಕಿರುವುದನ್ನು ಮಾತ್ರ ಮನೆಯಲ್ಲಿ ಮುಟ್ಟದೆ ಕಿವಿಯ ವೈದ್ಯರಿಂದಲೇ ತೆಗೆಸತಕ್ಕದ್ದು.