ಹೊಲದಲ್ಲಿ ಹುಟ್ಟಿದ ಬೆಟ್ಟ

ಭೂಮಿಗೆ ನಮ್ಮ ಹಿರಿಯರು ‘ಅಚಲೆ’ ಎಂದೊಂದು ಹೆಸರಿಟ್ಟರು. ಚಲಿಸದವಳು, ಅಲುಗಾಡದವಳು ಎಂದು ಅದರ ಅರ್ಥ. ರೈತನಾದವನು ಈ ಹೆಸರನ್ನು ಪೂರ್ಣವಾಗಿ ನಂಬಿ ಬದುಕುತ್ತಾನೆ. ಮಳೆ ಕೈಕೊಡಬಹುದು, ಪೇಟೆಯ ಧಾರಣೆ ಇಳಿಯಬಹುದು, ಎತ್ತು ಸಾಯಬಹುದು. ಆದರೆ ನಿನ್ನೆ ಸಂಜೆ ಬಿಟ್ಟುಬಂದ ಹೊಲ ಇಂದು ಮುಂಜಾನೆ ಅಲ್ಲಿಯೇ ಇರುವುದೆಂಬ ವಿಷಯದಲ್ಲಿ ಅವನಿಗೆ ಸಂದೇಹವಿಲ್ಲ. ಈ ನಂಬಿಕೆ ಸುಳ್ಳಾದ ಒಂದು ಹೊಲದ ಸಂಗತಿಯನ್ನೂ, ಅದನ್ನು ಒಂಬತ್ತು ವರ್ಷ ಕಾದು ನೋಡಿದವರ ಶ್ರಮವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯ ನನ್ನ ಮನಸ್ಸಿನಲ್ಲಿ ನೆಟ್ಟದ್ದು ಒಂದು ಪ್ರಶ್ನೆಯಿಂದ. ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗಿದ್ದೆ. ಬಿಳಿಜೋಳಕ್ಕೆ ಎಡೆ ಹೊಡೆಯುತ್ತಿದ್ದ ಅಪ್ಪನೊಡನೆ ಬದುವಿನ ಮೇಲೆ ಬುತ್ತಿ ಬಿಚ್ಚಿ ಕುಳಿತಾಗ, ಭೂಗೋಳದ ತರಗತಿಯಲ್ಲಿ ಕೇಳಿದ ಈ ಕಥೆಯನ್ನು ಹುರುಪಿನಿಂದ ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿ, ಕೈತೊಳೆದುಕೊಂಡು, “ಆ ಬಡವನ ಹೊಲ ಹೋತು. ಸಾಲಿ ಕಲ್ತವ್ರು ದೂರದಿಂದ ಬಂದು ನೋಡ್ಕೋತ ನಿಂತ್ರು ಅಂತಿ. ಅವ್ರು ನೋಡಿದ್ರ ಗುಡ್ಡ ನಿಂತೇನು?” ಎಂದ. ನಾನು ನಿರುತ್ತರನಾದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಹೆಬ್ಬೆಟ್ಟು ಒತ್ತಿ ಸಾಲ ತಂದು ನನ್ನನ್ನು ಓದಿಸುತ್ತಿದ್ದಾನೆ. ಆದುದರಿಂದ ಆ ಪ್ರಶ್ನೆ ಕೇವಲ ಬೆಟ್ಟದ ಕುರಿತದ್ದೆಂದು ನನಗೆ ಅನಿಸಲಿಲ್ಲ. ರಜೆ ಮುಗಿಸಿ ಬಂದವನು ಗ್ರಂಥಾಲಯದಲ್ಲಿ ಉತ್ತರ ಹುಡುಕತೊಡಗಿದೆ.

ಮೆಕ್ಸಿಕೋ ದೇಶದ ಮಿಚೋಆಕಾನ್ ಪ್ರಾಂತದಲ್ಲಿ ಪಾರಿಕುಟಿನ್ ಎಂಬ ಸಣ್ಣ ಹಳ್ಳಿಯಿತ್ತು. ಪುರೆಪೆಚಾ ಎಂಬ ಮೂಲನಿವಾಸಿಗಳ ಸೀಮೆ ಅದು. ಗೋವಿನಜೋಳ ಅಲ್ಲಿಯ ಮುಖ್ಯ ಬೆಳೆ. 1943ರ ಫೆಬ್ರುವರಿ ಮೊದಲ ವಾರದಿಂದ ಅಲ್ಲಿ ನೆಲ ನಡುಗತೊಡಗಿತು. ದಿನದಿನಕ್ಕೆ ನಡುಕ ಹೆಚ್ಚಿತು. ನೆಲದೊಳಗಿನಿಂದ ಗುಡುಗಿದಂತಹ ಸದ್ದೂ ಕೇಳಿಬರುತ್ತಿತ್ತು. ಫೆಬ್ರುವರಿ 20ರ ಮಧ್ಯಾಹ್ನ ದಿಯೋನಿಸಿಯೋ ಪುಲಿದೋ ಎಂಬ ರೈತ ಬಿತ್ತನೆಗಾಗಿ ತನ್ನ ಹೊಲವನ್ನು ಹಸನು ಮಾಡುತ್ತಿದ್ದ. ಸಂಜೆ ನಾಲ್ಕರ ಸುಮಾರಿಗೆ ಹೊಲದಲ್ಲಿ ಉದ್ದವಾದ ಬಿರುಕು ಕಾಣಿಸಿತು. ಅವನು ನೋಡುತ್ತಿದ್ದಂತೆಯೇ ನೆಲ ಆಳೆತ್ತರಕ್ಕೆ ಉಬ್ಬಿತು. ಬಿರುಕಿನಿಂದ ಬೂದಿಯಂತಹ ಧೂಳು ಎದ್ದಿತು. ಗಂಧಕದ ವಾಸನೆಯೊಡನೆ ಬುಸುಗುಟ್ಟುವ ಸದ್ದು ಕೇಳಿಸಿತು. ಪುಲಿದೋ ಮನೆಯವರನ್ನೂ ಎತ್ತುಗಳನ್ನೂ ನೆನೆದು ಓಡಿದ. ಮರುದಿನ ಮುಂಜಾನೆ ಬಂದು ನೋಡಿದರೆ ಹೊಲವಿದ್ದಲ್ಲಿ ಹತ್ತು ಮೀಟರ್ ಎತ್ತರದ ದಿಬ್ಬ ಕಲ್ಲು ಕಾರುತ್ತ ನಿಂತಿತ್ತು. ಒಂದು ವಾರದಲ್ಲಿ ಅದು 100 ಮೀಟರನ್ನು ದಾಟಿತು. ಒಂದು ವರ್ಷಕ್ಕೆ 336 ಮೀಟರಾಯಿತು.

ಇದು ಹೇಗೆ ಸಾಧ್ಯ? ಭೂಮಿಯ ಆಳದಲ್ಲಿ ಕರಗಿದ ಬಂಡೆಯೇ ಶಿಲಾರಸ. ಅದರಲ್ಲಿ ನೀರಾವಿ, ಗಂಧಕದ ಅನಿಲ ಮುಂತಾದವು ಒತ್ತಡಕ್ಕೆ ಸಿಕ್ಕಿ ಅಡಗಿರುತ್ತವೆ. ಶಿಲಾರಸ ಬಿರುಕುಗಳ ಮೂಲಕ ಮೇಲೇರಿದಂತೆ ಒತ್ತಡ ಕಡಿಮೆಯಾಗುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ನೊರೆ ಉಕ್ಕುವಂತೆ, ಅನಿಲಗಳು ಬುಗ್ಗೆಯಾಗಿ ಎದ್ದು ಶಿಲಾರಸವನ್ನು ಚೂರುಚೂರು ಮಾಡಿ ಆಕಾಶಕ್ಕೆ ಎರಚುತ್ತವೆ. ಚೂರುಗಳು ಆರಿ ಗಟ್ಟಿಯಾಗಿ ಬಾಯಿಯ ಸುತ್ತ ಬೀಳುತ್ತವೆ. ಕಣದಲ್ಲಿ ಜೋಳ ಸುರಿದಾಗ ರಾಶಿ ತಾನಾಗಿಯೇ ಒಂದು ಇಳಿಜಾರಿಗೆ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಪಾರಿಕುಟಿನ್ ಬೆಟ್ಟವೂ ಅಂತಹ ರಾಶಿಯೇ. ರಾಶಿ ಸಣ್ಣದಿದ್ದಾಗ ಒಂದು ಬುಟ್ಟಿ ಕಾಳಿಗೆ ಅದು ಗೇಣುದ್ದ ಏರುತ್ತದೆ; ದೊಡ್ಡದಾದ ಮೇಲೆ ಹತ್ತು ಬುಟ್ಟಿ ಸುರಿದರೂ ಬೆರಳಷ್ಟು ಏರುವುದಿಲ್ಲ. ಆದುದರಿಂದಲೇ ಮೊದಲ ವರ್ಷದಲ್ಲಿ 336 ಮೀಟರ್ ಬೆಳೆದ ಬೆಟ್ಟ ಉಳಿದ ಎಂಟು ವರ್ಷಗಳಲ್ಲಿ ಬೆಳೆದದ್ದು 88 ಮೀಟರ್ ಮಾತ್ರ. ಅನಿಲ ಕಳೆದುಕೊಂಡ ಭಾರವಾದ ಲಾವಾರಸ ಮೇಲಿನ ಬಾಯಿಯವರೆಗೆ ಏರದೆ, ಸಡಿಲವಾದ ರಾಶಿಯ ಬುಡವನ್ನು ಸೀಳಿ ಹೊರಬಿದ್ದು ಕಣಿವೆಯಲ್ಲಿ ಹರಿಯಿತು.

ವಿಜ್ಞಾನಕ್ಕೆ ಇದೊಂದು ಅಪೂರ್ವ ಸಂದರ್ಭವಾಗಿತ್ತು. ಒಂದು ಜ್ವಾಲಾಮುಖಿಯನ್ನು ಹುಟ್ಟಿದ ದಿನದಿಂದ ಆರುವ ದಿನದವರೆಗೆ ಕಣ್ಣಾರೆ ಕಂಡು ಬರೆದಿಡುವ ಅವಕಾಶ ಅದುವರೆಗೆ ಸಿಕ್ಕಿರಲಿಲ್ಲವೆಂದೇ ಹೇಳಬೇಕು. ಎಪ್ಪತ್ತು ದಾಟಿದ್ದ ಮೆಕ್ಸಿಕೋದ ಭೂವಿಜ್ಞಾನಿ ಎಸೆಕಿಯೆಲ್ ಒರ್ದೊನೆಸ್ ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದರು. ಅಮೆರಿಕದ ವಿಲಿಯಂ ಫೋಶಾಗ್ ಅವರೂ ಮೆಕ್ಸಿಕೋದ ಹೆನಾರೊ ಗೊನ್ಸಾಲೆಸ್ ರೇನಾ ಅವರೂ ಕೂಡಿ ಬೆಟ್ಟವನ್ನು ಅಭ್ಯಸಿಸಿದರು. ಪುಲಿದೋನನ್ನೂ ಮತ್ತಿತರ ಹಳ್ಳಿಗರನ್ನೂ ಕಂಡು ಮೊದಲ ದಿನದ ವೃತ್ತಾಂತವನ್ನು ಬರೆದುಕೊಂಡರು. ‘ಡಾಕ್ಟರ್ ಆತ್ಲ್’ ಎಂದು ಪ್ರಸಿದ್ಧರಾದ ಚಿತ್ರಕಾರರು ಬೆಟ್ಟದ ಬಳಿಯೇ ವಾಸಮಾಡಿ ಅದರ ಅವಸ್ಥೆಗಳನ್ನೆಲ್ಲ ಚಿತ್ರಿಸಿದರು.

ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಸೆಳೆದವರು ಸೆಲೆದೋನಿಯೋ ಗುತಿಯೆರೆಸ್. ಅವರು ಪ್ರಾಧ್ಯಾಪಕರಲ್ಲ, ಬೆಟ್ಟದಿಂದ ಸುಮಾರು ಐದು ಕಿಲೋಮೀಟರ್ ದೂರದ ಸಾನ್ ಹುವಾನ್ ಪರಂಗರಿಕುಟಿರೊ ಎಂಬ ಊರಿನ ನಿವಾಸಿ. ಬೆಟ್ಟದ ನಡವಳಿಕೆಯನ್ನು ದಿನಚರಿಯಲ್ಲಿ ಬರೆದಿಡುತ್ತ ವಿಜ್ಞಾನಿಗಳಿಗೆ ಸಹಾಯಕರಾದರು. ವಿಜ್ಞಾನಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಗುತಿಯೆರೆಸ್ ಅಲ್ಲಿಯೇ ಉಳಿದರು. ಮುಂದೆ ಕಾರ್ಲ್ ಫ್ರೀಸ್ ಎಂಬ ಭೂವಿಜ್ಞಾನಿಯ ಹೆಸರಿನೊಡನೆ ಅವರ ಹೆಸರೂ ಲೇಖಕರ ಸ್ಥಾನದಲ್ಲಿ ವಿದ್ವತ್ಪತ್ರಿಕೆಗಳಲ್ಲಿ ಅಚ್ಚಾಯಿತು. ನೋಡುವ ವಿದ್ಯೆಗೆ ಬೇಕಾದುದು ತಾಳ್ಮೆ ಮತ್ತು ಪ್ರಾಮಾಣಿಕತೆ, ಮಿಕ್ಕಿದ್ದನ್ನು ಕಲಿಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಅವರೆಲ್ಲ ನೋಡಿದ್ದೇನು? ಮೊದಲನೆಯದು, ಎತ್ತರ ಮತ್ತು ಆಕಾರ. ಎರಡನೆಯದು, ಲಾವಾರಸ ಎಲ್ಲಿಂದ ಹೊರಟು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದು. ಮೂರನೆಯದು, ಆರಿದ ಲಾವಾದ ತುಣುಕುಗಳು. ಅವನ್ನು ತಾರೀಖು ಹಾಕಿ ಸಂಗ್ರಹಿಸಿದ್ದರಿಂದ ಒಂದು ಹೊಸ ವಿಷಯ ತಿಳಿಯಿತು. ಮೊದಲ ವರ್ಷಗಳ ಲಾವಾದಲ್ಲಿ ಸಿಲಿಕಾ ಎಂಬ ಮರಳಿನ ಅಂಶ ನೂರಕ್ಕೆ 55ರಷ್ಟಿದ್ದರೆ ಕೊನೆಯ ಲಾವಾದಲ್ಲಿ 60ರಷ್ಟಿತ್ತು. ಶಿಲಾರಸ ಮೇಲೇರುವಾಗ ದಾರಿಯ ಬಂಡೆಗಳನ್ನೂ ಕರಗಿಸಿ ತನ್ನಲ್ಲಿ ಸೇರಿಸಿಕೊಂಡಿತ್ತೆಂದು ರೇ ವಿಲ್ಕಾಕ್ಸ್ ಎಂಬವರು ಇದರಿಂದ ವಿವರಿಸಿದರು. ನಾಲ್ಕನೆಯದು ಬೂದಿ, ಅದು ಎಲ್ಲಿ ಎಷ್ಟು ದಪ್ಪ ಬಿದ್ದಿದೆ, ಮಳೆಗೆ ಅದೇನಾಗುತ್ತಿದೆ ಎಂಬುದು.

1952ರ ಮಾರ್ಚಿ 4ರಂದು ಬೆಟ್ಟ ತಣ್ಣಗಾಯಿತು. ಒಂಬತ್ತು ವರ್ಷಗಳ ಮೇಲೆ ಕೆಲವು ದಿನಗಳ ಆಯುಸ್ಸು. ಮೊದಲಿನ ನೆಲದಿಂದ 424 ಮೀಟರ್ ಎತ್ತರ. ಸುತ್ತ ಸುಮಾರು 25 ಚದರ ಕಿಲೋಮೀಟರ್ ಭೂಮಿ ಲಾವಾದ ಕೆಳಗೆ. ಪಾರಿಕುಟಿನ್ ಹಳ್ಳಿಯೇ ಉಳಿಯಲಿಲ್ಲ. ಸಾನ್ ಹುವಾನ್ ಊರನ್ನು ಲಾವಾ 1944ರಲ್ಲಿ ಮುಚ್ಚಿತು. ಅಲ್ಲಿಯ ಇಗರ್ಜಿಯ ಗೋಪುರ ಮಾತ್ರ ಇಂದಿಗೂ ಕರಿಯ ಕಲ್ಲಿನ ಸಮುದ್ರದ ಮೇಲೆ ತಲೆಯೆತ್ತಿ ನಿಂತಿದೆ. ಊರವರು ತಮ್ಮ ಕ್ರಿಸ್ತನ ಮೂರ್ತಿಯನ್ನು ಹೊತ್ತು ನಡೆದು, ಬೇರೆಡೆ ಮನೆ ಕಟ್ಟಿ, ಹೊಸ ಊರಿಗೂ ಹಳೆಯ ಹೆಸರನ್ನೇ ಇಟ್ಟರು. ಇದನ್ನು ಓದಿದಾಗ ನನಗೆ ಅವ್ವನ ತವರೂರು ನೆನಪಾಯಿತು. ನಾನು ಹುಟ್ಟುವ ಮೊದಲೇ ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಗುಡಿಯ ಗೋಡೆ ಕಾಣಿಸುತ್ತದೆ. ಅವ್ವ ಆಗ ಕಾಯಿ ಒಡೆಸಿಕೊಂಡು ಬರುತ್ತಾಳೆ. ಬೆಂಕಿಯಿಂದ ಹೋದ ಊರಿಗೂ ನೀರಿನಿಂದ ಹೋದ ಊರಿಗೂ ಉಳಿಯುವುದು ಒಂದೇ ಎಂದು ತೋರುತ್ತದೆ: ಒಂದು ಹೆಸರು, ಒಂದು ದೇವರು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಇಷ್ಟೆಲ್ಲ ಭೂಮಿ ಹೋದರೂ ಆ ಲಾವಾರಸಕ್ಕೆ ಸಿಕ್ಕಿ ಒಬ್ಬರೂ ಸಾಯಲಿಲ್ಲ. ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮೂವರು ಬಲಿಯಾದರು, ಅಷ್ಟೆ. ಲಾವಾರಸ ನಿಧಾನವಾಗಿ ಹರಿದುದೂ, ಅದರ ದಾರಿಯನ್ನು ನೋಡುವವರು ಇದ್ದುದೂ ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾದ ಚಿತ್ರ ಮಾರ್ಟಿನೀಕ್ ದ್ವೀಪದ್ದು. 1902ರ ಮೇ 8ರಂದು ಪೆಲೆ ಪರ್ವತದಿಂದ ಧುಮುಕಿದ ಉರಿಮೋಡ ಕೆಲವೇ ನಿಮಿಷಗಳಲ್ಲಿ ಸೇಂಟ್ ಪಿಯೆರ್ ನಗರದ ಸುಮಾರು 28,000 ಜನರನ್ನು ಕೊಂದಿತು. ಪರ್ವತ ವಾರಗಟ್ಟಲೆ ಮುನ್ಸೂಚನೆ ಕೊಟ್ಟಿತ್ತು. ಅದನ್ನು ಓದಬಲ್ಲವರು ಇರಲಿಲ್ಲ. ಆ ಬೂದಿಯ ನಗರವನ್ನು ಕಂಡ ಥಾಮಸ್ ಜಾಗರ್ ಎಂಬ ವಿಜ್ಞಾನಿ, ಜ್ವಾಲಾಮುಖಿಯ ಬಳಿ ಹಗಲಿರುಳು ಕಾವಲಿರಬೇಕೆಂದು ನಿಶ್ಚಯಿಸಿ, 1912ರಲ್ಲಿ ಹವಾಯಿ ದ್ವೀಪದ ಕಿಲೌಯೆಯಾ ಪರ್ವತದ ಮೇಲೆ ವೀಕ್ಷಣಾಲಯವನ್ನು ಸ್ಥಾಪಿಸಿದರು.

ಇಂದು ಅಲ್ಲಿ ಬಳಸುವ ಸಾಧನಗಳು ಅತಿ ಸೂಕ್ಷ್ಮವಾದವು. ಭೂಕಂಪಮಾಪಕಗಳು ಮನುಷ್ಯರಿಗೆ ಅರಿವಾಗದ ನಡುಕವನ್ನೂ ದಾಖಲಿಸುತ್ತವೆ. ಒಂದು ಕಿಲೋಮೀಟರ್ ಉದ್ದದ ತೊಲೆಯ ಒಂದು ತುದಿಯನ್ನು ಒಂದು ಮಿಲಿಮೀಟರ್ ಎತ್ತಿದರೆ ಆಗುವಷ್ಟು ವಾಲುವಿಕೆಯನ್ನೂ ಕಂಡುಹಿಡಿಯುವ ಯಂತ್ರಗಳಿವೆ. ಶಿಲಾರಸ ಒಳಗೆ ತುಂಬಿದಾಗ ಪರ್ವತ ಉಬ್ಬುತ್ತದೆ, ಬರಿದಾದಾಗ ಕುಗ್ಗುತ್ತದೆ. ಉಪಗ್ರಹಗಳ ರೇಡಾರು ಇದನ್ನು ಆಕಾಶದಿಂದಲೇ ಅಳೆಯುತ್ತದೆ. ಹೊರಬರುವ ಗಂಧಕದ ಅನಿಲದ ಪ್ರಮಾಣ ಹೆಚ್ಚಿದರೆ ಶಿಲಾರಸ ಮೇಲೆ ಬಂದಿದೆಯೆಂದು ಊಹಿಸುತ್ತಾರೆ. 2018ರ ಏಪ್ರಿಲ್ 30ರಂದು ಕಿಲೌಯೆಯಾದ ಒಂದು ಕುಂಡದ ತಳ ಕುಸಿಯಿತು. ಕೂಡಲೇ ಸಣ್ಣ ಭೂಕಂಪಗಳು ಪೂರ್ವದ ಕಡೆಗೆ ಸಾಲಾಗಿ ಸರಿಯತೊಡಗಿದವು. ನೆಲದಡಿಯಲ್ಲಿ ಶಿಲಾರಸ ವಸತಿಗಳತ್ತ ಸಾಗುತ್ತಿದೆಯೆಂದು ವೀಕ್ಷಕರು ಜನರನ್ನು ಎಚ್ಚರಿಸಿದರು. ಮೇ 3ರಂದು ಮನೆಗಳ ನಡುವೆಯೇ ನೆಲ ಬಿರಿಯಿತು. ಒಟ್ಟು 24 ಬಿರುಕುಗಳು. 35 ಚದರ ಕಿಲೋಮೀಟರಿಗೂ ಹೆಚ್ಚು ಭೂಮಿಯ ಮೇಲೆ ಲಾವಾ. 700ಕ್ಕೂ ಹೆಚ್ಚು ಕಟ್ಟಡಗಳ ನಾಶ. ಒಂದು ಕೊಲ್ಲಿಯೇ ತುಂಬಿ ಹೊಸ ನೆಲವಾಯಿತು. ಶಿಖರದ ಕುಂಡ ಕುಸಿದು ಸುಮಾರು 500 ಮೀಟರ್ ಆಳವಾಯಿತು. ಆದರೂ ಲಾವಾರಸಕ್ಕೆ ಸಿಕ್ಕಿ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ.

ನೋಡುವಿಕೆಯ ಪ್ರಯೋಜನ ಅಪಾಯವನ್ನು ಹೇಳುವುದಷ್ಟೇ ಅಲ್ಲ. 2020ರ ಆರಂಭದಲ್ಲಿ ಅದೇ ಮಿಚೋಆಕಾನ್ ಪ್ರಾಂತದಲ್ಲಿ ಸಾವಿರಾರು ಸಣ್ಣ ಭೂಕಂಪಗಳಾದವು. ಇನ್ನೊಂದು ಪಾರಿಕುಟಿನ್ ಹುಟ್ಟುವುದೇನೋ ಎಂಬ ಭಯ ಸಹಜವಾಗಿಯೇ ಎದ್ದಿತು. ವಿಜ್ಞಾನಿಗಳು ಯಂತ್ರಗಳನ್ನಿಟ್ಟು ಕಾದರು. ನಡುಕ ಕ್ರಮೇಣ ತಗ್ಗಿತು. ಶಿಲಾರಸ ಆಳದಲ್ಲಿಯೇ ನಿಂತಿತು.

ಇಷ್ಟನ್ನು ತಿಳಿದು ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ: “ಗುಡ್ಡ ನಿಲ್ಲಲಿಲ್ಲ. ಮಂದಿ ಉಳೀತು.” ಅಪ್ಪ ತಲೆಯಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು, “ಉಳಿದವ್ರಿಗೆ ಮತ್ತ ಎಷ್ಟ ವರ್ಷಕ್ಕ ಬಿತ್ತಾಕ ಬಂತು?” ಎಂದು ಕೇಳಿದ.

ಪುಣ್ಯಕ್ಕೆ ಇದನ್ನೂ ಒಬ್ಬರು ನೋಡಿಟ್ಟಿದ್ದರು. ಕೆನೆತ್ ಸೆಗರ್‌ಸ್ಟ್ರಾಮ್ ಎಂಬ ಭೂವಿಜ್ಞಾನಿ ಅಲ್ಲಿಯ ಗುಡ್ಡ ಕಣಿವೆಗಳನ್ನು ಸುತ್ತಿ ಬೂದಿಯ ದಪ್ಪವನ್ನು ಅಳೆದರು. ಮಳೆಗಾಲದಲ್ಲಿ ಅದು ಕೊಚ್ಚಿ ಕೊರಕಲಾಗುವುದನ್ನೂ, ಕೆಸರಾಗಿ ಹರಿದು ತಗ್ಗಿನ ಹೊಲಗಳನ್ನು ತುಂಬುವುದನ್ನೂ ಬರೆದರು. ವರ್ಷಗಳ ನಂತರ ಮತ್ತೆ ಹೋಗಿ ನೋಡಿದರು. ಬೂದಿ ತೆಳ್ಳಗೆ ಬಿದ್ದಲ್ಲಿ ನೇಗಿಲು ಕೆಳಗಿನ ಹಳೆಯ ಮಣ್ಣನ್ನು ಮುಟ್ಟಿ ಎರಡನ್ನೂ ಬೆರೆಸಬಲ್ಲದು. ಅಂತಹ ಹೊಲಗಳು ಮತ್ತೆ ಬೆಳೆಗೆ ಬಂದವು. ದಪ್ಪಗೆ ಬಿದ್ದಲ್ಲಿ ಬೀಜಕ್ಕೆ ನೆಲೆಯಿಲ್ಲ. ಲಾವಾ ಹರಿದಲ್ಲಿ ನೇಗಿಲಿನ ಮಾತೇ ಇಲ್ಲ. ಪುಲಿದೋನ ಹೊಲವಂತೂ ಬೆಟ್ಟದ ಬುಡದಲ್ಲಿ ಸೇರಿಹೋಯಿತು.

ಲಾವಾ ಎಂದೂ ಮಣ್ಣಾಗುವುದಿಲ್ಲವೇ? ಆಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ನೆಲ ಬಿರಿದು ಲಾವಾರಸ ಪದರಪದರವಾಗಿ ಹರಿಯಿತು. ಅದು ಆರಿ ಕರಿಕಲ್ಲಾಯಿತು. ಕಲ್ಲು ಬಿಸಿಲು ಮಳೆಗಳಿಗೆ ಸವೆದು ಎರೆಮಣ್ಣಾಯಿತು. ನಮ್ಮ ವಿಜಯಪುರ ಸೀಮೆಯ ಜೋಳ ಬೆಳೆಯುವುದು ಆ ಮಣ್ಣಿನಲ್ಲಿಯೇ. ಆಗ ಅದನ್ನು ನೋಡಿ ಬರೆದಿಡಲು ಮನುಷ್ಯನೇ ಇರಲಿಲ್ಲ; ಇಂದು ವಿಜ್ಞಾನಿಗಳು ಪಾರಿಕುಟಿನ್, ಕಿಲೌಯೆಯಾಗಳಲ್ಲಿ ಕಲಿತದ್ದರ ಬೆಳಕಿನಲ್ಲಿಯೂ ಆ ಕಲ್ಲನ್ನು ಓದುತ್ತಾರೆ.

ಇದನ್ನು ಹೇಳಿದಾಗ ಅಪ್ಪ ಬಾಗಿ ಒಂದು ಹೆಂಟೆಯನ್ನು ಎತ್ತಿಕೊಂಡು, ಅಂಗೈಯಲ್ಲಿ ಪುಡಿ ಮಾಡಿ, ಬಹಳ ಹೊತ್ತು ನೋಡಿದ. ಅನಂತರ ಕೈ ಝಾಡಿಸಿ, “ಬರದಿಡು” ಎಂದ. ಅದಕ್ಕಾಗಿ ಬರೆದಿದ್ದೇನೆ.