ಹೃದಯದ ದೂರದ ನೆಂಟ

ನಾವು ಉಪಾಧ್ಯಾಯವೃತ್ತಿಯಲ್ಲಿದ್ದ ಕಾಲದಲ್ಲಿ ಕರಿಹಲಗೆಯ ಮೇಲೆ ‘ಹೃದಯ’ ಎಂದೂ ಅದರ ಪಕ್ಕದಲ್ಲಿ ಇಂಗ್ಲಿಷಿನ ‘ಹಾರ್ಟ್’ ಎಂದೂ ಬರೆದು, “ನೋಡಿರಿ ಮಕ್ಕಳಿರಾ, ಎರಡರಲ್ಲಿಯೂ ಅದೇ ಹಕಾರ!” ಎನ್ನುತ್ತಿದ್ದೆವು. ಆ ಶಬ್ದಗಳ ನೆಂಟಸ್ತನವು ನಿಜ. ನಾವು ಕೊಟ್ಟ ಕಾರಣವು ಮಾತ್ರ ತಪ್ಪು. ಇದನ್ನು ನಮಗೆ ತಿಳಿಸಿಕೊಟ್ಟದ್ದು ಹಳೆಯ ಐಸ್‌ಲೆಂಡಿಕ್ ಭಾಷೆಯಲ್ಲಿ ಹೃದಯವೆಂಬರ್ಥದ ‘ಹ್ಯರ್ತ’ ಎಂಬ ಶಬ್ದ.

ಐಸ್‌ಲೆಂಡ್ ಎಂಬುದು ಯೂರೋಪಿನ ವಾಯವ್ಯದಲ್ಲಿ ಕಡಲ ನಡುವಣ ದ್ವೀಪ. ಕ್ರಿ. ಶ. 9ನೆಯ ಶತಮಾನದಲ್ಲಿ ಬಹುಮಟ್ಟಿಗೆ ನಾರ್ವೆಯಿಂದ ಬಂದು ಅಲ್ಲಿ ನೆಲಸಿದವರ ಭಾಷೆಯಿದು. 13ನೆಯ ಶತಮಾನದಲ್ಲಿ ‘ಸಾಗಾ’ ಎಂಬ ಗದ್ಯಕಥೆಗಳು ಇದರಲ್ಲಿ ಬರೆಯಲ್ಪಟ್ಟವು. ‘ಹ್ಯರ್ತ’ವು ನಪುಂಸಕಲಿಂಗ. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂದು ಆ ಭಾಷೆಗೆ ನಾಲ್ಕೇ ವಿಭಕ್ತಿಗಳು. ಏಕವಚನದಲ್ಲಿ ನಾಲ್ಕಕ್ಕೂ ಒಂದೇ ರೂಪ. ಬಹುವಚನದಲ್ಲಿ ‘ಹ್ಯೊರ್ತು’ ಎಂದಾಗುವುದು. ಕೊನೆಯ ಉಕಾರವು ಹಿಂದಿನ ಅಕಾರವನ್ನು ತನ್ನ ಕಡೆಗೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಷಷ್ಠೀಬಹುವಚನವಾದ ‘ಹ್ಯರ್ತ್ನ’ದಲ್ಲಿ ಮೂಲದ ನಕಾರವೊಂದು ಉಳಿದುಬಂದಿದೆ. ಕಣ್ಣೆಂಬರ್ಥದ ‘ಔಗ’, ಕಿವಿಯೆಂಬರ್ಥದ ‘ಎಯ್ರ’ ಇವೂ ಇದೇ ಗಣದವು.

ಇನ್ನು ಹಕಾರದ ವಿಚಾರ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕನು 1818ರಲ್ಲಿಯೂ ಜರ್ಮನಿಯ ಯಾಕೋಬ್ ಗ್ರಿಮ್ಮನು 1822ರಲ್ಲಿಯೂ ನಿರೂಪಿಸಿದಂತೆ, ಗ್ರೀಕಿನ ಕಕಾರದ ಸ್ಥಾನದಲ್ಲಿ ಐಸ್‌ಲೆಂಡಿಕ್ಕಿನಲ್ಲಿ ಹಕಾರವೂ, ದಕಾರದ ಸ್ಥಾನದಲ್ಲಿ ತಕಾರವೂ ಬರುವುವು. ಗ್ರೀಕಿನ ‘ಕಾರ್ದಿಯಾ’ವು ‘ಹ್ಯರ್ತ’ಕ್ಕೆ ನೆಂಟನಾದುದು ಹೀಗೆ. ಇಂತಹ ಕಕಾರಕ್ಕೆ ಸಂಸ್ಕೃತದಲ್ಲಿ ಸಲ್ಲುವುದು ಶಕಾರ. ನಾಯಿಗೆ ಗ್ರೀಕಿನಲ್ಲಿ ‘ಕುಓನ್’, ಐಸ್‌ಲೆಂಡಿಕ್ಕಿನಲ್ಲಿ ‘ಹುಂದ್ರ್’, ಸಂಸ್ಕೃತದಲ್ಲಿ ‘ಶ್ವನ್’ ಎಂಬುದನ್ನು ನೋಡಬಹುದು. ಆದುದರಿಂದ ಸಂಸ್ಕೃತದಲ್ಲಿ ‘ಶೃದ್’ ಎಂದಿರಬೇಕಾಗಿತ್ತು. ‘ಹೃದ್’ ಎಂದಿರುವುದು ಅಪವಾದ. ಅವೆಸ್ತಾದ ಭಾಷೆಯಲ್ಲಿಯೂ ‘ಜೆರೆದ್’ ಎಂದಿರುವುದರಿಂದ, ಭಾರತೀಯ ಇರಾನೀಯ ಶಾಖೆಗಳು ಅಗಲುವ ಮೊದಲೇ ಈ ಮಾರ್ಪಾಟು ನಡೆದಿರಬೇಕು. ಎರಡು ಹಕಾರಗಳೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೆಡೆ ಕೂಡಿದವೇ ಹೊರತು ಒಂದೇ ಅಲ್ಲ.

ಹಾಗಾದರೆ ಆ ಶಕಾರವು ಎಲ್ಲಿ ಹೋಯಿತು? ‘ಶ್ರದ್ಧಾ’ ಎಂಬ ಶಬ್ದದಲ್ಲಿ ಅದು ಅಡಗಿದೆಯೆಂದು ಬಹುಮಂದಿ ಪಂಡಿತರ ಮತ. ‘ಶ್ರತ್’ ಎಂದರೆ ಹೃದಯ, ‘ಧಾ’ ಎಂದರೆ ಇಡುವುದು. ಹೃದಯವನ್ನು ಇಡುವುದೇ ಶ್ರದ್ಧೆ. ‘ನಂಬುತ್ತೇನೆ’ ಎಂಬರ್ಥದ ಲ್ಯಾಟಿನ್ ‘ಕ್ರೇದೋ’ ಸಹ ಇದೇ ಸಮಾಸದಿಂದ ಬಂದುದು.

ಗುರುವಿನ ತಪ್ಪು ಶಿಷ್ಯರ ಮನೆಗಳಲ್ಲಿಯೂ ಬೆಳೆಯುವುದುಂಟು. ನಮ್ಮ ಹಳೆಯ ವಿದ್ಯಾರ್ಥಿಗಳು ಈಗ ತಮ್ಮ ಮಕ್ಕಳಿಗೆ ಆ ಹಕಾರವನ್ನೇ ತೋರಿಸುತ್ತಿದ್ದರೆ, ದಯಮಾಡಿ ಅದನ್ನು ಒರಸಿ, ‘ಶ್ರದ್ಧೆ’ಯ ಶಕಾರವನ್ನು ತೋರಿಸಬೇಕೆಂದು ಬೇಡುತ್ತೇವೆ.